ಬಲೆ ದಾಟದ ಕೆಂಚಿ

ಮಾಯವ್ವ ಹುಟ್ಟಿದ್ದು ಗಡಹಿಂಗ್ಲಜ ತಾಲೂಕಿನ ಮಹಾಗಾಂವದ ಹತ್ತಿರ, ಕುರುಬರ ಮನೆಯಲ್ಲಿ. ಮದುವೆಯಾಗುವ ತನಕ ಆಕೆ ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಕುರಿ ಕಂಡವರ ಕಡಲೆ ಹೊಲಕ್ಕೆ ನುಗ್ಗಿದರೆ ಓಡಬೇಕು, ಮರಿ ಹಿಂದೆ ಬಿದ್ದರೆ ಓಡಬೇಕು, ಮೋಡ ಕವಿದರೆ ಕಂಬಳಿ ಹೊತ್ತು ಓಡಬೇಕು. ಎಪ್ಪತ್ಮೂರರಲ್ಲಿ ಕಾಡಸಿದ್ದನ ಕೈಹಿಡಿದು ಕೊಲ್ಲಾಪುರದ ಹತ್ತಿರದ ಗೋಕುಳ ಶಿರಗಾಂವಕ್ಕೆ ಬಂದಳು. ಆತ ಅಲ್ಲಿಯ ಫೌಂಡ್ರಿಯೊಂದರಲ್ಲಿ ಅಚ್ಚು ಕಟ್ಟುವ ಕೆಲಸಕ್ಕಿದ್ದ. ಅಲ್ಲಿಗೆ ಅವಳ ಓಟ ಮುಗಿಯಿತು. ಕಾರಖಾನೆಯವರ ಸಾಲುಮನೆಗಳ ಚಾಳಿನಲ್ಲಿ ಹೆಂಗಸೊಬ್ಬಳು ಓಡುತ್ತಿದ್ದಾಳೆಂದರೆ ಒಂದೋ ಯಾರೋ ಸತ್ತಿರಬೇಕು, ಇಲ್ಲವೇ ನಳಕ್ಕೆ ನೀರು ಬಂದಿರಬೇಕು.

ಹಾಗಂತ ಆಕೆ ಅಳುತ್ತ ಕೂತವಳಲ್ಲ. ಗಂಡ ಒಳ್ಳೆಯವ, ಮಾತು ಕಡಿಮೆ, ನಗು ಜಾಸ್ತಿ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಆದರೆ ಪಾತ್ರೆ ತಿಕ್ಕುತ್ತ ಕೂತಾಗ ಒಮ್ಮೊಮ್ಮೆ ಆಕೆಯ ಪಾದ ತನ್ನಷ್ಟಕ್ಕೆ ನೆಲ ಕುಟ್ಟುತ್ತಿತ್ತು. ಕಾಡಸಿದ್ದ ಅದನ್ನು ನೋಡಿ, "ಏ, ಎಲ್ಲಿಗೆ ಹೊಂಟಿ?" ಎಂದು ಕೇಳುತ್ತಿದ್ದ. ಆಕೆ ಪಾದವನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದಳು.

ಎಂಬತ್ನಾಲ್ಕರ ಸಂಕ್ರಾಂತಿಯ ಸುಮಾರಿಗೆ ಆಕೆಯ ಅಣ್ಣ ಸಿದ್ದರಾಯ ಕುರಿ ಹಿಂಡು ಹೊಡೆದುಕೊಂಡು ಆ ದಾರಿಯಲ್ಲಿ ಬಂದ. ಅವನ ತೋಳಿನಲ್ಲಿ ಕೆಂಚು ಬಣ್ಣದ ಒಂದು ಹೆಣ್ಣು ನಾಯಿ ಇತ್ತು. ಕಬ್ಬಿನ ಟ್ರ್ಯಾಕ್ಟರಿನ ಗಾಲಿ ಅದರ ಮುಂಗಾಲಿನ ಮೇಲೆ ಹಾಯ್ದಿತ್ತು.

"ಕಾಲ ಕೂಡೂ ಮಟಾ ಇಟ್ಕೋ, ಮಾಯವ್ವಾ. ಕೆಂಚಿ ಅಂತ ಕರೀತೇವಿ. ಮುಂದಿನ ವರ್ಷ ಈ ಕಡೆ ಬಂದಾಗ ಒಯ್ತೇನಿ," ಎಂದ.

ಮಾಯವ್ವ ಅರಿಸಿನ ಹಚ್ಚಿ, ಬಿದಿರಿನ ಸೀಳು ಕಟ್ಟಿ, ತಾನು ಉಣ್ಣುವ ರೊಟ್ಟಿಯಲ್ಲಿ ಪಾಲು ಕೊಟ್ಟು ಆರೈಕೆ ಮಾಡಿದಳು. ಯುಗಾದಿಯ ಹೊತ್ತಿಗೆ ಕಾಲು ಕೂಡಿತು. ತೊಂದರೆ ಶುರುವಾದದ್ದೇ ಆಮೇಲೆ.

ಕೆಂಚಿಗೆ ಕೆಲಸವಿರಲಿಲ್ಲ. ಕೆಲಸವಿಲ್ಲದೆ ಕೂರುವುದು ಅದಕ್ಕೆ ಗೊತ್ತೂ ಇರಲಿಲ್ಲ. ಅದು ಚಾಳಿನ ಕೋಳಿಗಳನ್ನೆಲ್ಲ ಸುತ್ತುಹಾಕಿ ಒಂದು ಮೂಲೆಗೆ ನಿಲ್ಲಿಸಿತು. ಆಡುವ ಹುಡುಗರನ್ನು ಗೋಡೆಗೆ ಒತ್ತಿ ಕೂಡಿಸಿತು. ಕಾರಖಾನೆಯ ಭೋಂಗಾ ಊದಿ ಪಾಳಿ ಬಿಟ್ಟಾಗ ಗೇಟಿನಿಂದ ಚದುರಿ ಹೊರಟ ಕೆಲಸಗಾರರನ್ನು ಬೊಗಳದೆ, ಕಚ್ಚದೆ, ಬರಿ ಅಡ್ಡಗಟ್ಟುತ್ತಲೇ ಗುಂಪು ಮಾಡಿಬಿಟ್ಟಿತು. ಕಾಡಸಿದ್ದನೂ ಆ ಗುಂಪಿನಲ್ಲಿ ಸಿಕ್ಕಿಬಿದ್ದು ತನ್ನ ಮನೆಯ ನಾಯಿ ಎಂದು ಹೇಳಲಾಗದೆ ಸುಮ್ಮನೆ ನಿಂತಿದ್ದ.

ಪಕ್ಕದ ಮನೆಯ ಯಮುನಾಬಾಯಿ ಸೊಂಟಕ್ಕೆ ಕೈಯಿಟ್ಟು ಬಂದಳು. "ಮಾಯವ್ವಾ, ನನ್ನ ಕೋಳಿ ತತ್ತಿ ಇಡೂದು ಬಿಟ್ಟಾವ ನೋಡು. ಮೂಲ್ಯಾಗ ಸಾಲ ಹಿಡದ ನಿಂತ್ರ ತತ್ತಿ ಎಲ್ಲಿಂದ ಬರ್ತಾವ?"

ಈ ಗದ್ದಲವನ್ನು ದೂರದಿಂದ ನೋಡಿ ಹೊಟ್ಟೆ ಹಿಡಿದು ನಕ್ಕವರು ಕಾಕಾಸಾಹೇಬರು. ಗಡಹಿಂಗ್ಲಜ ಕಡೆಯವರೇ. ಲಷ್ಕರದಲ್ಲಿ ನಾಯಿಗಳನ್ನು ಪಳಗಿಸುವ ಕೆಲಸ ಮಾಡಿ ನಿವೃತ್ತರಾಗಿ, ಈಗ ಒಂದು ಕಾರಖಾನೆಯ ಕಾವಲಿನ ಉಸ್ತುವಾರಿ ನೋಡುತ್ತಿದ್ದರು. ಕಾರಖಾನೆಯ ಹಿಂದಿನ ಖಾಲಿ ಜಾಗದಲ್ಲಿ ಅವರದೊಂದು ಆಟದ ಅಂಗಳವಿತ್ತು. ಇಟ್ಟಿಗೆಗಳ ಮೇಲೆ ಅಡ್ಡ ಇಟ್ಟ ಕಬ್ಬಿಣದ ಪೈಪುಗಳು, ಒಳಗೆ ನುಸುಳಲು ಒಂದು ಸಿಮೆಂಟ್ ಕೊಳವೆ, ಚೌಕಟ್ಟಿಗೆ ತೂಗುಬಿಟ್ಟ ಲಾರಿಯ ಟೈರು, ಪೀಪಾಯಿಗಳ ಮೇಲೆ ಹಾಸಿದ ಹಲಗೆ, ಸಾಲಾಗಿ ನೆಟ್ಟ ಗೂಟಗಳು. ನಾಯಿ ಇವನ್ನೆಲ್ಲ ಒಂದಾದಮೇಲೊಂದು ದಾಟಬೇಕು, ಸಾಕಿದವರು ಜೊತೆಗೆ ಓಡುತ್ತ ದಾರಿ ತೋರಿಸಬೇಕು. ಅವರ ಮಂಡಿ ಹೋಗಿತ್ತು, ಅವರ ನಾಯಿಗೆ ವಯಸ್ಸಾಗಿತ್ತು, ಹಾಗಾಗಿ ಅಂಗಳದಲ್ಲಿ ಹುಲ್ಲು ಬೆಳೆದಿತ್ತು.

"ಇದಕ್ಕ ಪರದೇಶದಾಗ ಅಜಿಲಿಟಿ ಅಂತಾರ," ಎಂದು ಅವರು ಮಾಯವ್ವನಿಗೆ ತಿಳಿಸಿ ಹೇಳಿದರು. "ಕುದುರಿ ಜಿಗಿಯೂ ಆಟ ನೋಡಿ ನಾಯಿಗೆ ಹಚ್ಯಾರ. ಬರೂ ಸಂಕ್ರಾಂತಿ ಮುಗದ ಮ್ಯಾಲೆ ಕೊಲ್ಲಾಪುರದಾಗ ನಾಯಿಗಳ ಪ್ರದರ್ಶನ ಐತಿ, ಅದರಾಗ ಈ ಶರ್ಯತ್ತೂ ಇಟ್ಟಾರ. ನಿನ್ನ ನಾಯಿಗೆ ಕೆಲಸ ಬೇಕಾಗೇತಿ. ನಾಳಿಂದ ಕರಕೊಂಡ ಬಾ."

ಮಾಯವ್ವ ಪೈಪುಗಳನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. "ಕುರಿ ನಾಯಿಗೆ ಜಿಗಿಯಾಕ ಕಲಸೂದ್ರಿ? ನಮ್ಮ ಹಟ್ಟ್ಯಾಗ ಕೇಳಿದ್ರ ನನ್ನ ಹೊರಗ ಹಾಕ್ತಾರ್ರೀ ಕಾಕಾ."

ಆಕೆ ತಮಾಷೆಗೆ ಹೇಳಿದ್ದಲ್ಲ. ಕುರುಬರ ನಾಯಿಮರಿಗೆ ಮೊದಲು ಕಲಿಸುವ ಪಾಠವೇ ಅದು. ಸಂಜೆ ಕುರಿಗಳನ್ನು ಕೂಡಿಸಿ ಸುತ್ತ ಹಗ್ಗದ ಬಲೆ ಕಟ್ಟುತ್ತಾರೆ. ಕುರಿ ಒಳಗೆ, ನಾಯಿ ಹೊರಗೆ. ನಾಯಿಮರಿ ಬಲೆಗೆ ಮುಂಗಾಲಿಟ್ಟರೆ ಮೂಗಿನ ಮೇಲೆ ಕೋಲಿನ ಏಟು ಬೀಳುತ್ತದೆ. ನಾಯಿ ಒಳಗೆ ಹಾರಿತೆಂದರೆ ಕುರಿ ಬೆದರಿ ಒಂದರ ಮೇಲೊಂದು ಬೀಳುತ್ತವೆ, ಕುರಿಮರಿಗಳು ತುಳಿತಕ್ಕೆ ಸಿಗುತ್ತವೆ, ತೋಳಕ್ಕೆ ದಾರಿಯಾಗುತ್ತದೆ. ಒಮ್ಮೆ ಬಲೆ ಹಾರಿದ ನಾಯಿಯನ್ನು ಹಿಂಡಿನ ಹತ್ತಿರ ಯಾರೂ ಇಟ್ಟುಕೊಳ್ಳುವುದಿಲ್ಲ. "ಬಲೆ ದಾಟಿದಾಕಿ" ಎಂಬುದು ಅವರಲ್ಲಿ ಹೆಣ್ಣುಮಕ್ಕಳನ್ನು ಬೈಯಲಿಕ್ಕೂ ಬಳಸುವ ಮಾತು. ಚಿಕ್ಕಂದಿನಲ್ಲಿ ಮಾಯವ್ವನಿಗೆ ಅದು ತಾಯಿಯ ಬಾಯಿಂದ ಸಾಕಷ್ಟು ಬಿದ್ದಿತ್ತು.

ಆದರೂ ಮರುದಿನ ಆಕೆ ಹೋದಳು. ಯಮುನಾಬಾಯಿಯ ಕೋಳಿಗಳಿಗಾಗಿ ಹೋದೆ ಎಂದು ಗಂಡನಿಗೆ ಹೇಳಿದಳು.

ಕೊಳವೆ, ಗೂಟ, ಹಲಗೆ ಇವೆಲ್ಲ ಕೆಂಚಿಗೆ ಬೇಗ ಬಂದವು. ಪೈಪು ಬರಲಿಲ್ಲ. ಮಾಯವ್ವ ತೊಡೆ ತಟ್ಟಿ "ಹ್ಹಾ" ಎಂದರೆ ಓಡಿ ಬರುತ್ತಿತ್ತು, ಪೈಪಿನ ಮುಂದೆ ಗಕ್ಕನೆ ನಿಂತು ಆಕೆಯ ಮುಖ ನೋಡುತ್ತಿತ್ತು. ನನ್ನಿಂದ ಏನು ಮಾಡಿಸಬೇಕೆಂದಿದ್ದಿ ಎಂದು ಕೇಳುವ ನೋಟ ಅದು. ಪೈಪನ್ನು ನೆಲದ ಮೇಲೇ ಮಲಗಿಸಿದರೂ ಸುತ್ತುಹಾಕಿ ಹೋಗುತ್ತಿತ್ತೇ ಹೊರತು ದಾಟುತ್ತಿರಲಿಲ್ಲ. ಹೀಗೆ ದಿನಗಳು ಹೋದವು. ಖುರ್ಚಿಯ ಮೇಲೆ ಕಾಲು ಚಾಚಿ ಕೂತ ಕಾಕಾಸಾಹೇಬರು ಒಂದು ದಿನ ಬೇಸತ್ತು ಹೇಳಿದರು:

"ನಾಯಿ ಹೆದರಿಲ್ಲ ಮಾಯವ್ವಾ, ನೀ ಹೆದರೀದಿ. ಬಾಯಿಲೆ ಜಿಗಿ ಅಂತೀ, ಮೈಯಿಂದ ಬ್ಯಾಡ ಅಂತೀ. ಆಕಿ ಯಾವುದನ್ನ ಕೇಳಬೇಕು?"

ಮಾಯವ್ವನಿಗೆ ಸಿಟ್ಟು ಬಂತು. ಮಾತು ನಿಜವಾಗಿದ್ದರಿಂದ ಇನ್ನಷ್ಟು ಬಂತು. ಆಕೆ ಕಚ್ಚೆಯನ್ನು ಬಿಗಿದುಕೊಂಡಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ನಾಲ್ಕು ಹೆಜ್ಜೆ ಹಿಂದೆ ಸರಿದು ಓಡಿ ಬಂದು ತಾನೇ ಪೈಪನ್ನು ಜಿಗಿದಳು. ಕೆಂಚಿ ಕುಂಡೆ ಊರಿ ಕೂತು ನೋಡಿತು. ಆಕೆ ತಿರುಗಿ ಬಂದು ಇನ್ನೊಮ್ಮೆ ಜಿಗಿದಳು. ಮೂರನೆಯ ಸಲ ಆಕೆಯ ಪಕ್ಕದಲ್ಲಿ ಏನೋ ಕೆಂಪಗೆ ಹಾರಿಹೋಯಿತು. ನೆಲಕ್ಕೆ ಕಾಲಿಟ್ಟಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರೂ ಮಾಡಬಾರದ್ದನ್ನು ಕೂಡಿಯೇ ಮಾಡಿದ್ದರು.

ನೀರಿನ ಕೊಡ ಹೊತ್ತು ಹೊರಟಿದ್ದ ಯಮುನಾಬಾಯಿ ಇದನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಸಂಜೆಯೊಳಗೆ ಸುದ್ದಿ ಚಾಳಿಗೆಲ್ಲ ಮುಟ್ಟಿತು. ಕಾಡಸಿದ್ದ ಮನೆಗೆ ಬಂದವನೇ ಚಹ ಕುಡಿದು, ಬಶಿ ಕೆಳಗಿಟ್ಟು ಕೇಳಿದ:

"ಹಾರಾಕತ್ತೀಯಂತಲ್ಲ?"

"ಹೂಂರಿ."

"ಎಷ್ಟ ಎತ್ತರ?"

ಆಕೆ ಮಂಡಿಯ ಹತ್ತಿರ ಕೈ ತೋರಿಸಿದಳು. ಆತ ಆ ಕೈ ನೋಡಿ, "ಬಿದ್ದೀ ಮತ್ತ," ಎಂದನಷ್ಟೆ. ಮಾಯವ್ವನಿಗೆ ಆ ದಿನ ಗಂಡನ ಮೇಲೆ ಉಕ್ಕಿದ ಪ್ರೀತಿ ಮದುವೆಯ ಹೊಸತಿನಲ್ಲೂ ಉಕ್ಕಿರಲಿಲ್ಲ.

ಆ ವರ್ಷವೆಲ್ಲ ಬೆಳಗಿನ ಕೆಲಸ ಮುಗಿಸಿ ಆಕೆ ಅಂಗಳಕ್ಕೆ ಹೋದಳು. ಮಳೆಗಾಲದಲ್ಲಿ ಕೆಸರಿನಲ್ಲಿ ಜಾರಿ ಬಿದ್ದಳು, ಎದ್ದಳು, ಯಮುನಾಬಾಯಿಯ ಮುಂದೆ ಸೊಂಟ ಹಿಡಿದುಕೊಳ್ಳದೆ ನಡೆದಳು. ಕೆಂಚಿಗೆ ಎಷ್ಟು ಕಲಿಸಿದಳೋ ಅಷ್ಟನ್ನು ತಾನೂ ಕಲಿತಳು. ಒಂದು ದಿನ ಕೆಂಚಿ ಪದೇ ಪದೇ ಟೈರು ಬಿಟ್ಟು ಕೊಳವೆಯ ಕಡೆಗೆ ಹೋಯಿತೆಂದು ಗದರಿದಳು. ಅದು ಮನೆಗೆ ಬಂದು ಮಂಚದ ಕೆಳಗೆ ಸೇರಿಕೊಂಡಿತು, ರೊಟ್ಟಿ ಮುಟ್ಟಲಿಲ್ಲ. ಮರುದಿನ ಕಾಕಾಸಾಹೇಬರು ಆಕೆಯನ್ನೊಬ್ಬಳನ್ನೇ ಓಡಿಸಿ ನೋಡಿದರು. ಟೈರಿನ ಹತ್ತಿರ ಆಕೆಯ ಭುಜ ಕೊಳವೆಯ ಕಡೆಗೆ ತಿರುಗುತ್ತಿತ್ತು. ನಾಯಿ ಬಾಯಿಮಾತಿಗಿಂತ ಭುಜವನ್ನು ನಂಬುತ್ತದೆ, ತಪ್ಪು ತನ್ನದೇ ಎಂದು ಗೊತ್ತಾದಾಗ ಆಕೆ ಮಂಚದ ಕೆಳಗೆ ಬಗ್ಗಿ, "ತಪ್ಪಾತವ್ವಾ," ಎಂದಳು. ಆಮೇಲೆಂದೂ ಗದರಲಿಲ್ಲ. ದಸರೆಯ ಹೊತ್ತಿಗೆ ಇಬ್ಬರ ನಡುವೆ ಮಾತೇ ಬೇಕಾಗಿರಲಿಲ್ಲ. ಈಕೆ ಯೋಚಿಸುವಷ್ಟರಲ್ಲಿ ಅದು ತಿರುಗಿರುತ್ತಿತ್ತು. ಮೂವತ್ತು ದಾಟಿದ ಮೈಯಲ್ಲಿ ಹಳೆಯ ಉಸಿರು ತಿರುಗಿ ಬಂದಿತ್ತು, ಮತ್ತು ಆಕೆ ಸುಖವಾಗಿದ್ದಳು.

ಒಂದೇ ಒಂದು ಕೊರತೆ ಉಳಿಯಿತು. ಆಟದ ಕೊನೆಗೆ ನೇರ ಸಾಲಿನಲ್ಲಿ ಮೂರು ಪೈಪುಗಳಿದ್ದವು. ಅಲ್ಲಿ ನಾಯಿ ಹಿಂತಿರುಗಿ ನೋಡದೆ ಮುಂದೆ ಓಡಿಬಿಡಬೇಕು. ಅದಕ್ಕೆ ಕಾಕಾಸಾಹೇಬರು ಕೊಟ್ಟ ಗುರುತು ತೋಳನ್ನು ನೇರ ಮುಂದೆ ಚಾಚಿ "ಪುಢ" ಎನ್ನುವುದು. ಮರಾಠಿಯಲ್ಲಿ ಮುಂದಕ್ಕೆ ಎಂದರ್ಥ. ತೋಳು ಚಾಚಿರುವ ತನಕ ನಾಯಿ ಹೋಗುತ್ತಲೇ ಇರಬೇಕು. ತೋಳು ಇಳಿಸಿದರೆ ತಿರುಗಿ ಬಾ ಎಂದು. ಕೆಂಚಿ ಮೊದಲ ಪೈಪು ಹಾರಿ ಹಿಂದೆ ನೋಡುತ್ತಿತ್ತು. ಮಾಯವ್ವ ಹಿಂದೆ ಬಿದ್ದಿರುತ್ತಿದ್ದಳು. ಹಿಂಡಿನಲ್ಲಿ ಹಿಂದೆ ಬಿದ್ದದ್ದನ್ನು ಬಿಟ್ಟು ಬರುವ ನಾಯಿ ಅದಲ್ಲ. ತಿರುಗಿ ಬಂದು, ಆಕೆಯ ಬೆನ್ನ ಹಿಂದೆ ಸುತ್ತಿ, ಮೂಗಿನಿಂದ ಮೀನಖಂಡಕ್ಕೆ ಒತ್ತಿ ನೂಕಿಕೊಂಡು ಹೊರಡುತ್ತಿತ್ತು.

"ಕೈ ಇಳಸಬ್ಯಾಡ," ಎಂದು ಕಾಕಾಸಾಹೇಬರು ಖುರ್ಚಿಯಿಂದಲೇ ಕೋಲು ಕುಟ್ಟುತ್ತಿದ್ದರು. "ಆಕಿ ಹಿಂದ ನೋಡೂಕಿಂತ ಮೊದಲಽ ನಿನ್ನ ಕೈ ಇಳದಿರತೈತಿ. ಹೋಗು ಅಂತ ಹೇಳೂದು ನಿನಗ ಬರೂದಿಲ್ಲ."

ಮಾಯವ್ವ ಉಸಿರಿನ ನೆವ ಹೇಳುತ್ತಿದ್ದಳು. ನಿಜವೇನೆಂದರೆ ಮೀನಖಂಡಕ್ಕೆ ತಾಗುವ ಆ ತಣ್ಣನೆಯ ಮೂಗಿಗಾಗಿ ಆಕೆ ಕಾಯುತ್ತಿದ್ದಳು. ಹತ್ತು ವರ್ಷದಲ್ಲಿ ತನ್ನನ್ನು ಯಾರೂ ಹೀಗೆ ಹಿಂದೆ ಬಂದು ಕರೆದೊಯ್ದಿರಲಿಲ್ಲ.

ಕಾರ್ತಿಕ ಕಳೆದು ಛಳಿ ಬಲಿತಾಗ ಸಿದ್ದರಾಯ ಬಂದ. ಹಿಂಡು ಮೂಡಲ ಸೀಮೆಯಿಂದ ಮರಳಿತ್ತು, ಹತ್ತಿರದ ಕಬ್ಬು ಕಡಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿದ್ದ. ಮಾಯವ್ವ ಅಣ್ಣನನ್ನು ಕಂಡು ಸಂತೋಷಪಡುವ ಮೊದಲೇ ಆತ ಬಂದ ಕೆಲಸ ಹೇಳಿಬಿಟ್ಟ.

"ಹಳೇ ನಾಯಿ ಅಥಣಿ ಕಡೆ ಹಾವು ಕಡದ ಸತ್ತತವ್ವಾ. ಈಗ ಹಿಂಡಿಗೆ ನಾಯಿ ಇಲ್ಲ, ತೋಳದ ಕಾಟ ಭಾಳ ಆಗೇತಿ. ಕೆಂಚೀನ ಒಯ್ಯಾಕ ಬಂದೇನಿ."

ಕೆಂಚಿ ಅವನ ಕಾಲು ಮೂಸಿ, ಬಾಲ ಬಡಿದು, ತಿರುಗಿ ಮಾಯವ್ವನ ಹತ್ತಿರ ಬಂದು ಕೂತಿತ್ತು. ಮಾಯವ್ವ ಒಲೆಯ ಮುಂದೆ ಚಹ ಸೋಸುತ್ತ ಕುಳಿತಳು. ನಾಯಿ ತನ್ನದಲ್ಲ, ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಕೊಟ್ಟಾಗಲೇ ಅಣ್ಣ ಹೇಳಿದ್ದ. ಅವನ ಸಂಸಾರವೆಲ್ಲ ಆ ಕುರಿಗಳ ಬೆನ್ನ ಮೇಲಿದೆ. ಕೊಡುವುದಿಲ್ಲ ಎನ್ನಲು ಆಕೆಯ ಬಾಯಿಗೆ ಧೈರ್ಯವಿರಲಿಲ್ಲ. ಆದರೆ ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂತು.

"ಅಣ್ಣಾ, ಆಕಿ ಈಗ ಹಿಂಡಿಗೆ ಬರೂದಿಲ್ಲ. ಜಿಗೀತಾಳ."

"ಏನ ಜಿಗೀತಾಳ?"

"ಎಲ್ಲಾ ಜಿಗೀತಾಳ. ನಾನಽ ಕಲಸೇನಿ."

ಸಿದ್ದರಾಯ ಬಶಿಯನ್ನು ಕೆಳಗಿಟ್ಟ. ಬೈಯುತ್ತಾನೆಂದು ಆಕೆ ತಲೆ ತಗ್ಗಿಸಿದಳು. ಆತ ಬೈಯಲಿಲ್ಲ, ನಂಬಲೂ ಇಲ್ಲ. "ನಮ್ಮ ಕೈಯಾಗಿನ ನಾಯಿ ಬಲಿ ಹಾರತೈತಿ ಅಂದ್ರ ಕಣ್ಣಿಲೆ ನೋಡಬೇಕು. ನಡಿ," ಎಂದು ಎದ್ದ.

ಹೊಲದ ದಾರಿಯಲ್ಲಿ ಮಾಯವ್ವ ಅಣ್ಣನ ಹಿಂದೆ ನಡೆದಳು. ತಾನು ಹೇಳಿದ್ದು ನಿಜ, ಆದರೆ ಹೇಳಿದ ಕಾರಣ ಬೇರೆ ಎಂದು ಆಕೆಗೆ ಗೊತ್ತಿತ್ತು. ಅಣ್ಣನ ಕುರಿಗಳ ಚಿಂತೆಯಿಂದ ಹೇಳಿದ್ದಲ್ಲ. ಕೆಂಚಿ ಕೆಟ್ಟ ನಾಯಿ ಎಂದು ಹೆಸರು ಹೊತ್ತರೂ ಸರಿ, ತನ್ನ ಹತ್ತಿರವೇ ಉಳಿಯಲಿ ಎಂದು ಹೇಳಿದ್ದು. ಇದು ನೆನಪಾದಾಗಲೆಲ್ಲ ಮುಖ ಬಿಸಿಯಾಗುತ್ತಿತ್ತು, ಆದರೆ ಹೆಜ್ಜೆ ಹಿಂದೆ ಸರಿಯಲಿಲ್ಲ.

ಹೊತ್ತು ಇಳಿಯುತ್ತಿತ್ತು. ಕುರಿಗಳೆಲ್ಲ ಒಳಗೆ ಸೇರಿ ಬಲೆ ಕಟ್ಟಿಯಾಗಿತ್ತು. ಬಲೆ ಕಾಕಾಸಾಹೇಬರ ಪೈಪಿಗಿಂತ ಹೆಚ್ಚು ಎತ್ತರವೇನಿರಲಿಲ್ಲ. ಮಾಯವ್ವ ಭುಜವನ್ನು ಬಲೆಯ ಕಡೆಗೆ ಸರಿಯಾಗಿ ತಿರುಗಿಸಿ ತೊಡೆ ತಟ್ಟಿದಳು. "ಹ್ಹಾ." ಈ ಸಲ ಬಾಯಿ ಒಂದು, ಮೈ ಒಂದು ಹೇಳಲಿಲ್ಲ. ಜಿಗಿ ತಾಯೀ, ಜಿಗಿ ಎಂದು ಆಕೆಯ ಜೀವವೆಲ್ಲ ಕೇಳುತ್ತಿತ್ತು.

ಕೆಂಚಿ ಓಡಿತು. ಬಲೆಯ ಮುಂದೆ ಗಕ್ಕನೆ ನಿಂತಿತು. ಕತ್ತು ತಿರುಗಿಸಿ ಆಕೆಯ ಮುಖ ನೋಡಿತು. ಮೊದಲ ದಿನ ಅಂಗಳದಲ್ಲಿ ನೋಡಿದ್ದ ಅದೇ ನೋಟ. ಆಕೆ ಇನ್ನೊಮ್ಮೆ ತೊಡೆ ತಟ್ಟಿದಳು. ಕೆಂಚಿ ಕುರಿಗಳಿಗೆ ಬೆನ್ನು ಹಾಕಿ, ಬಯಲಿನ ಕಡೆ ಮುಖ ಮಾಡಿ, ಕಾವಲಿಗೆ ಕೂರುವಂತೆ ಬಲೆಯ ಹೊರಗೆ ಕೂತುಬಿಟ್ಟಿತು. ಮಾಯವ್ವನಿಗೆ ಮೂರನೆಯ ಸಲ ಕೈ ಏಳಲಿಲ್ಲ.

ಸಿದ್ದರಾಯ ಸುಮ್ಮನಿರಲಿಲ್ಲ. ದೂರದಲ್ಲಿ ಎರಡು ಕಲ್ಲಿನ ಮೇಲೆ ತನ್ನ ಕೋಲನ್ನು ಅಡ್ಡ ಇಟ್ಟ. "ಇದನ್ನ ಜಿಗಸು ನೋಡೂಣು," ಎಂದ. ಮಾಯವ್ವ ಕರೆದದ್ದೇ ತಡ, ಕೆಂಚಿ ಬಂದು ಕೋಲನ್ನು ಗಾಳಿಯಲ್ಲಿ ತೇಲಿದಂತೆ ದಾಟಿತು, ತಿರುಗಿ ಬಂದು ಮತ್ತೆ ದಾಟಿತು. ಸಿದ್ದರಾಯನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಇದು ಕೆಟ್ಟಿಲ್ಲವ್ವಾ," ಎಂದ ಕೊನೆಗೆ. "ಬಲಿ ಯಾವುದು, ಆಟ ಯಾವುದು ಇದಕ್ಕ ಗೊತ್ತೈತಿ. ಛಲೋ ಕಲಸೀದಿ."

ಈ ಹೊಗಳಿಕೆಯಿಂದಲೇ ನಾಯಿ ಕೈಬಿಟ್ಟುಹೋಯಿತೆಂದು ಮಾಯವ್ವನಿಗೆ ತಿಳಿಯಿತು. ಆಕೆ ಹೊಲದ ಬದುವಿನ ಮೇಲೆ ಕೂತು ಅತ್ತಳು. ಕೆಂಚಿ ತನ್ನ ಮಾತು ಕೇಳಲಿಲ್ಲವೆಂದು ಅಲ್ಲ. ಮಾಡಿಸಬಾರದ್ದನ್ನು ಮಾಡಿಸಲು ಹೋದೆ, ಅದು ನಿಂತು ನನ್ನ ಮರ್ಯಾದೆಯನ್ನೂ ಉಳಿಸಿತು ಎಂದು ಅತ್ತಳು. ಸಿದ್ದರಾಯನಿಗೆ ತಂಗಿಯ ಅಳು ಅರ್ಥವಾಯಿತೋ ಇಲ್ಲವೋ, ಆದರೆ ಆತ ಕಲ್ಲು ಮನಸ್ಸಿನವನಲ್ಲ.

"ಅದೇನೋ ಶರ್ಯತ್ತು ಐತಂತಲ್ಲಾ? ಅದು ಮುಗೀಲಿ. ಅಲ್ಲೀ ತನಕ ಇಲ್ಲೇ ಅಕ್ಕಪಕ್ಕದ ಹೊಲದಾಗ ಕುರಿ ಕೂಡಸ್ತೇನಿ. ಆಮ್ಯಾಲೆ ಶಿರೋಳದ ಕಡೆ ಹೋಗೂದು."

ಶರ್ಯತ್ತಿನ ಮಾತನ್ನು ತಾನು ಎತ್ತಿರಲೇ ಇಲ್ಲ, ಅಣ್ಣನಿಗೆ ಅದನ್ನು ಕಾಡಸಿದ್ದನೇ ಹೇಳಿರಬೇಕು ಎಂದು ಆಕೆಗೆ ಆಮೇಲೆ ಹೊಳೆಯಿತು. ಗಂಡನನ್ನು ಕೇಳಿದಾಗ ಆತ ನಕ್ಕು ಬೇರೆ ಕಡೆ ನೋಡಿದ.

ಸಂಕ್ರಾಂತಿ ಮುಗಿದ ಮೊದಲ ಭಾನುವಾರ ಎಲ್ಲರೂ ಕೊಲ್ಲಾಪುರಕ್ಕೆ ಹೋದರು. ಮೈದಾನದ ತುಂಬ ಕಾರಿನಲ್ಲಿ ಬಂದಿಳಿದ ನಾಯಿಗಳಿದ್ದವು. ಬಾಚಿದ ಕೂದಲಿನವು, ಹೊಳೆಯುವ ಪಟ್ಟಿಯವು, ಮೆತ್ತೆಯ ಮೇಲೆ ಮಲಗಿದವು. ಕೆಂಚಿಯ ಕೊರಳಲ್ಲಿ ಉಣ್ಣೆಯ ಹಗ್ಗವಿತ್ತು. ಮಾಯವ್ವನಿಗೆ ಅಂಜಿಕೆಯಾಗಿ ಒಂದು ಮರದ ಬುಡದಲ್ಲಿ ನಿಂತಳು. ಆದರೆ ಜನ ಕೆಟ್ಟವರಿರಲಿಲ್ಲ. ದೊಡ್ಡ ಕಪ್ಪು ನಾಯಿ ತಂದಿದ್ದ ಹುಡುಗಿಯೊಬ್ಬಳು ಕೆಂಚಿಗೆ ತನ್ನ ಡಬ್ಬಿಯಲ್ಲಿ ನೀರು ಕೊಟ್ಟಳು, ಇದು ಯಾವ ಜಾತಿಯದು ಎಂದು ಕೇಳಿದಳು. "ಕುರುಬರದು," ಎಂದಳು ಮಾಯವ್ವ.

ಹೆಸರು ಕೂಗಿದಾಗ ಆಕೆ ಕಚ್ಚೆ ಬಿಗಿದು ಗೆರೆಯ ಹತ್ತಿರ ನಿಂತಳು. ಸೀಟಿ ಊದಿದ್ದೇ ಮೈದಾನ, ಜನ, ಧ್ವನಿವರ್ಧಕ ಯಾವುದೂ ಉಳಿಯಲಿಲ್ಲ. ಕೆಂಚಿ ಕೊಳವೆಯಲ್ಲಿ ನುಸುಳಿತು, ಗೂಟಗಳ ನಡುವೆ ಹೊಸೆದುಕೊಂಡು ಬಂತು, ಹಲಗೆಯ ಮೇಲೆ ಓಡಿತು, ಟೈರಿನೊಳಗಿಂದ ಹಾರಿತು. ಆಕೆಯ ಭುಜ ಎಲ್ಲೂ ಸುಳ್ಳು ಹೇಳಲಿಲ್ಲ. ಜನ ಎದ್ದು ನಿಂತರು. ಅಂಚಿನಲ್ಲಿ ಕಾಕಾಸಾಹೇಬರ ಕೋಲು ನೆಲ ಕುಟ್ಟುವುದನ್ನೂ ಮರೆತಿತ್ತು. ಕೊನೆಯ ಸಾಲು ಬಂತು. ಮೂರು ಪೈಪು, ಅದರಾಚೆ ಒಂದು ಬಿಳಿಯ ಗೆರೆ. ಆಕೆ ತೋಳು ಚಾಚಿ "ಪುಢ" ಎಂದಳು. ಕೆಂಚಿ ಮೊದಲನೆಯದನ್ನು ದಾಟಿತು, ಎರಡನೆಯದನ್ನೂ ದಾಟಿತು.

ಆಗ ಆಕೆಯ ಕಣ್ಣು ಬಿಳಿಯ ಗೆರೆಯ ಮೇಲೆ ಬಿತ್ತು. ಗೆರೆಯ ಆಚೆ ಸಿದ್ದರಾಯ ಕಂಬಳಿ ಹೊದ್ದು ನಿಂತಿದ್ದ. ಅಲ್ಲಿಗೆ ಮುಟ್ಟಿದರೆ ಮುಗಿಯಿತು, ಹಗ್ಗ ಅವನ ಕೈಗೆ. ಆಕೆಯ ತೋಳು ಇಳಿಯಿತು.

ಕೆಂಚಿ ತಿರುಗಿ ನೋಡಿತು. ಹಾಗೇ ಬಂತು, ಬೆನ್ನ ಹಿಂದೆ ಸುತ್ತಿತು, ಮೀನಖಂಡಕ್ಕೆ ಮೂಗು ಒತ್ತಿತು. ಮೈದಾನವೆಲ್ಲ ನಕ್ಕಿತು, ಪ್ರೀತಿಯಿಂದಲೇ ನಕ್ಕಿತು. ನಾಯಿ ತನ್ನ ಒಡತಿಯನ್ನು ಹೊಡೆದುಕೊಂಡು ಬಂದಿದೆ ಎಂದು ಧ್ವನಿವರ್ಧಕದವರು ಮರಾಠಿಯಲ್ಲಿ ಹೇಳಿದಾಗ ಮಾಯವ್ವನಿಗೂ ನಗು ಬಂತು. ಇಬ್ಬರೂ ಕೂಡಿ ಗೆರೆ ದಾಟಿದರು. ಹೊತ್ತು ಮೀರಿತ್ತು, ಬಹುಮಾನ ಆ ಕಪ್ಪು ನಾಯಿಗೆ ಹೋಯಿತು.

ಸಿದ್ದರಾಯ ಅಕ್ಕಪಕ್ಕದವರಿಗೆಲ್ಲ, "ನಮ್ಮ ಹಿಂಡಿನ ನಾಯಿರಿ ಅದು, ಹಿಂದ ಬಿದ್ದವರನ್ನ ಬಿಡೂದಿಲ್ಲ," ಎಂದು ಹೇಳುತ್ತಿದ್ದ. ಕಾಕಾಸಾಹೇಬರು ಕುಂಟುತ್ತ ಬಂದು ಆಕೆಯ ಎದುರು ನಿಂತರು.

"ಕೈ ಇಳಸಿದಿ."

"ಹೌದ್ರಿ."

"ಉಸರಿಗೆ ಇಳಸಿದ್ಯೋ, ಬೇಕಂತ ಇಳಸಿದ್ಯೋ?"

"ಗೊತ್ತಿಲ್ರಿ ಕಾಕಾ," ಎಂದಳು. ಅವರು ಕೆಂಚಿಯ ತಲೆಯ ಮೇಲೆ ಕೈಯಾಡಿಸಿ ಹೋದರು.

ಮರುದಿನ ಬಿಸಿಲೇರುವ ಮೊದಲು ಹಿಂಡು ಹುಪರಿಯ ರಸ್ತೆ ಹಿಡಿಯಿತು. ಸಿದ್ದರಾಯ ಮುಂದೆ, ಕುರಿ ನಡುವೆ, ಕೆಂಚಿ ಹಿಂದೆ. ಮಾಯವ್ವ ಸ್ವಲ್ಪ ದೂರ ಕಳಿಸಿ ಬರುತ್ತೇನೆಂದು ಜೊತೆಗೆ ನಡೆದಳು. ಕೆಂಚಿಗೆ ಕೆಲಸ ಸಿಕ್ಕಿತ್ತು. ಕಿವಿ ನಿಮಿರಿಸಿಕೊಂಡು ಎಡಕ್ಕೆ ಬಲಕ್ಕೆ ಓಡಾಡುತ್ತ ಹಿಂಡನ್ನು ಒತ್ತಾಗಿ ಇಟ್ಟಿತ್ತು. ಇಂಥ ಕೆಲಸದವಳನ್ನು ಕೋಳಿ ಕಾಯಲು ಇಟ್ಟುಕೊಳ್ಳಬೇಕೆಂದಿದ್ದೆನಲ್ಲ ಎಂದು ಮಾಯವ್ವ ಅಂದುಕೊಂಡಳು. ಹಾಗಂದುಕೊಂಡರೂ ಸಂಕಟ ಕಡಿಮೆಯಾಗಲಿಲ್ಲ.

ರಸ್ತೆ ತಿರುಗುವಲ್ಲಿ ಒಂದು ಜಾಲಿಮರದ ಹತ್ತಿರ ಆಕೆ ನಿಂತಳು. ಹಿಂಡು ಮುಂದೆ ಹೋಯಿತು. ಕೆಂಚಿ ಎಣಿಸಿ ನೋಡಿದವರ ಹಾಗೆ ತಿರುಗಿ ನೋಡಿತು, ಓಡಿ ಬಂತು, ಹಿಂದೆ ಸುತ್ತಿ ಮೂಗು ಒತ್ತಿತು. ಆಕೆ ಇನ್ನಷ್ಟು ದೂರ ನಡೆದಳು, ಮತ್ತೆ ನಿಂತಳು. ಕೆಂಚಿ ಮತ್ತೆ ಬಂತು. ಅಷ್ಟರಲ್ಲಿ ಎರಡು ಕುರಿ ಪಕ್ಕದ ಕಬ್ಬಿಗೆ ಬಾಯಿ ಹಾಕಿದ್ದವು. ಮುಂದಿದ್ದ ಸಿದ್ದರಾಯ ತಿರುಗಿ ನೋಡಿದ, ಕರೆಯಲಿಲ್ಲ. ಕರೆದಿದ್ದರೆ ಸುಲಭವಾಗುತ್ತಿತ್ತು. ಆತ ಅದನ್ನು ತಂಗಿಗೇ ಬಿಟ್ಟು ನಿಂತಿದ್ದ.

ಮಾಯವ್ವ ಕಣ್ಣೊರೆಸಿಕೊಂಡಳು. ಭುಜವನ್ನು ಹಿಂಡಿನ ಕಡೆ ನೇರ ತಿರುಗಿಸಿದಳು, ತೋಳು ಚಾಚಿದಳು. "ಪುಢ," ಎಂದಳು. ಧ್ವನಿ ಒಡೆಯಲಿಲ್ಲ.

ಕೆಂಚಿ ಆಕೆಯ ಮುಖ ನೋಡಿತು, ತೋಳು ನೋಡಿತು. ಆಮೇಲೆ ಹೊರಟಿತು. ಕಬ್ಬಿನಲ್ಲಿದ್ದ ಕುರಿಗಳನ್ನು ಅಟ್ಟಿಕೊಂಡು ಬಂದು ಹಿಂಡಿಗೆ ಸೇರಿಸಿತು. ಮಧ್ಯದಲ್ಲಿ ಒಮ್ಮೆ ಕತ್ತು ತಿರುಗಿಸಿತು. ತೋಳು ಚಾಚಿಯೇ ಇತ್ತು. ಮತ್ತೆ ತಿರುಗಿಸಲಿಲ್ಲ.

ಹಿಂಡು ಮರೆಯಾದ ಮೇಲೂ ಧೂಳು ಕಾಣುತ್ತಿತ್ತು. ತೋಳು ಸೋತಿತು, ಕೆಳಗಿನಿಂದ ಎಡಗೈಯ ಆಸರೆ ಕೊಟ್ಟು ಹಿಡಿದಳು. ಅದೇ ದಾರಿಯಲ್ಲಿ ಬಂದ ಒಂದು ಲಾರಿ, ಹೆಂಗಸು ಕೈ ಮಾಡುತ್ತಿದ್ದಾಳೆಂದು ಪಕ್ಕದಲ್ಲಿ ನಿಂತಿತು. ಚಾಲಕ ತಲೆ ಹೊರಗೆ ಹಾಕಿದ.

"ಎಲ್ಲಿಗೆ ಹೋಗಬೇಕ್ರಿ ಅಕ್ಕಾರ?"

"ಎಲ್ಲೀಗೂ ಇಲ್ಲಪ್ಪಾ, ನೀ ಹೋಗು," ಎಂದಳು ಮಾಯವ್ವ, ಕೈ ಇಳಿಸದೆ.